ಕುದುರೆ ಸೀನಿದರೆ ವಿಮೆ ಸಿಗುವುದಿಲ್ಲ

ಬ್ಯಾಡಗಿಯಲ್ಲಿ ಹುಟ್ಟಿದವರು ಚೀಲದ ಬಾಯಿಯನ್ನು ನಂಬುವುದಿಲ್ಲ. ಬಾಯಲ್ಲಿ ಕಾಣುವ ಮೆಣಸಿನಕಾಯಿ ಯಾವಾಗಲೂ ಕೆಂಪಗೆ, ಲಕ್ಷಣವಾಗಿ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಇರುತ್ತದೆ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿದಾಗಲೇ ಅದರ ಮನೆತನ ಗೊತ್ತಾಗುವುದು. ನೀರು ಹೊಡೆದ ಕಾಯಿ, ಬಣ್ಣಗೆಟ್ಟ ಕಾಯಿ, ಬರೀ ತೊಟ್ಟು, ಅದೃಷ್ಟ ಕೆಟ್ಟಿದ್ದರೆ ಒಂದು ಹರಿದ ಚಪ್ಪಲಿ. ನಮ್ಮಪ್ಪನದು ಮಾರುಕಟ್ಟೆಯ ಪ್ರಾಂಗಣದಲ್ಲಿ ದಲಾಲಿ ಅಂಗಡಿ. ರೈತನ ಮಾಲನ್ನು ಖರೀದಿದಾರನಿಗೆ ಕೊಡಿಸಿ ನಡುವೆ ಬರುವ ಕಮಿಷನ್ ತಿಂದು ಬದುಕುವ ಮನೆತನ ನಮ್ಮದು. ಅಲ್ಲಿ ನನ್ನ ಹುದ್ದೆ ಕೈ ಇಳಿಸುವುದು. ಬೇರೆ ಯಾವ ಕೆಲಸಕ್ಕೂ ನಾನು ಆಗುವುದಿಲ್ಲ ಎಂದು ಅಪ್ಪ ಬಹಳ ಹಿಂದೆಯೇ ತೀರ್ಮಾನಿಸಿದ್ದರು.

ಈ ವಿದ್ಯೆಯ ತೊಂದರೆ ಏನೆಂದರೆ ಇದನ್ನು ಅಂಗಡಿಯಲ್ಲಿಟ್ಟು ಬೀಗ ಹಾಕಿ ಬರಲು ಆಗುವುದಿಲ್ಲ. ರಾಣೆಬೆನ್ನೂರಿಗೆ ನನಗೆ ಹೆಣ್ಣು ನೋಡಲು ಹೋದಾಗ ಅವಲಕ್ಕಿಯ ತಟ್ಟೆ ಮುಂದೆ ಬಂತು. ಮೇಲಿನದನ್ನು ಸರಿಸಿ ತಳದಿಂದ ಒಂದು ಚಿಟಿಕೆ ಎತ್ತಿ, ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿದೆ. ಹುಡುಗಿಯ ಅಪ್ಪ ನನ್ನನ್ನೇ ನೋಡುತ್ತಿದ್ದರು. ಆ ಸಂಬಂಧ ಚಹಾ ಬರುವುದರೊಳಗೆ ಮುಗಿಯಿತು.

ಅಂಥ ನನಗೆ ಅಕ್ಕ ಒಂದು ದಿನ ಫೋನ್ ಮಾಡಿ, "ಡಾಕ್ಟರು ಕೂಸಿನ್ನ ಕುದರಿ ಮ್ಯಾಲೆ ಕುಂದರಸ್ರಿ ಅಂದಾರ" ಎಂದಳು.

"ಕುದರಿ? ಇದು ಆಗಲಿಲ್ಲಂದ್ರ ಆಮ್ಯಾಲೆ ಆನಿ ತರಸ್ತಾರೇನು?"

"ಇದಕ್ಕ ನಿನಗ ಹೇಳಬಾರದು ಅನ್ನೂದು. ನೀ ಬರಬ್ಯಾಡ."

ನಾನು ಹೋದೆ.

ಅಕ್ಕನನ್ನು ಕೊಟ್ಟಿರುವುದು ರಾಣೆಬೆನ್ನೂರಿಗೆ. ಭಾವನಿಗೆ ಅಲ್ಲಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಅವರ ಒಬ್ಬಳೇ ಮಗಳಿಗೆ ಹುಟ್ಟಿದಾಗಿನಿಂದ ಕಾಲು ಬಿಗಿ. ಎತ್ತಿ ನಿಲ್ಲಿಸಿದರೆ ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತವೆ. ಬುದ್ಧಿ, ಬಾಯಿ ಎರಡೂ ಚುರುಕು, ಅದರಲ್ಲೂ ಬಾಯಿ. ಆದರೆ ಆನಿಸಿಕೊಳ್ಳಲು ಏನಾದರೂ ಇಲ್ಲದಿದ್ದರೆ ಸೊಂಟ ನಿಲ್ಲದೆ ಪಕ್ಕಕ್ಕೆ ವಾಲಿಬಿಡುತ್ತಿದ್ದಳು. ಜೂನ್‌ನಲ್ಲಿ ಅವಳನ್ನು ಒಂದನೆಯ ತರಗತಿಗೆ ಸೇರಿಸಬೇಕಿತ್ತು. ಮನೆಯ ಹತ್ತಿರದ ಶಾಲೆಯವರು ಒಳ್ಳೆಯವರೇ. "ಬೆಂಚಿನ ಮ್ಯಾಲೆ ತಾನ ಕುಂತ್ರ ಸಾಕ್ರಿ, ಉಳಿದದ್ದು ನಾವು ನೋಡ್ಕೊಂತೀವಿ" ಎಂದಿದ್ದರು. ಆ ಬೆಂಚಿಗೆ ಬೆನ್ನಿನ ಹಲಗೆ ಇರಲಿಲ್ಲ. ಅಕ್ಕ ಅದನ್ನು ನೋಡಿಬಂದ ದಿನದಿಂದ ಮನೆಯಲ್ಲಿ ಎಲ್ಲ ಮಾತೂ ಸುತ್ತಿ ಬಳಸಿ ಆ ಬೆಂಚಿಗೇ ಬಂದು ನಿಲ್ಲುತ್ತಿತ್ತು.

ಹಾವೇರಿಯ ಫಿಜಿಯೋಥೆರಪಿ ಡಾಕ್ಟರ್ ಮೇಡಂ ಮೊದಲು ತಮ್ಮ ಕ್ಲಿನಿಕ್ಕಿನ ಟೇಬಲ್ ಮೇಲೆ ವ್ಯಾಯಾಮ ಮಾಡಿಸುತ್ತಿದ್ದರು. ಹುಡುಗಿ ಕ್ಲಿನಿಕ್ಕಿನ ಬೋರ್ಡು ಕಂಡಲ್ಲಿಂದಲೇ ಅಳಲು ಶುರು ಮಾಡುತ್ತಿದ್ದಳು. ಹಾಗಾಗಿ ಮೇಡಂ ಊರ ಹೊರಗೆ, ಗುತ್ತಲ ರಸ್ತೆಯ ಒಂದು ಬಯಲಿಗೆ ಕರೆದರು. ಅಲ್ಲಿ ಕುದುರೆ ನಿಂತಿತ್ತು. ಬಿಳಿ ಹೆಣ್ಣು ಕುದುರೆ. ಬಾಲದ ತುದಿಗೆ ಮೆಹಂದಿಯ ಕೆಂಪು, ಹಣೆಯಲ್ಲಿ ಯಾವುದೋ ಮದುವೆಯಲ್ಲಿ ಅಂಟಿಸಿದ್ದ ಚಮಕಿ.

"ಇದು ಮದಿವಿ ಕುದರಿ ಅಲ್ಲೇನ್ರಿ, ಕಾಕಾ?" ಎಂದು ಕುದುರೆಯ ಮಾಲೀಕನನ್ನು ಕೇಳಿದೆ.

"ಹೌದಲ್ಲ ಮತ್ತ. ಮದಿಮಗ ಹತ್ತತಾನ, ಅಂವ ಹಾಳಾಗ್ತಾನ. ಈ ಕೂಸು ಹತ್ತತೈತಿ, ಇದು ಸುಧಾರಸ್ತೈತಿ. ಕುದರಿ ಒಂದ ಐತಿ, ಹಣೆಬರಹ ಬ್ಯಾರೆ" ಎಂದ ಆತ.

ಮೇಡಂ ನನಗೆ ವಿವರಿಸಿದರು. ಕುದುರೆ ಮೆಲ್ಲಗೆ ನಡೆದಾಗ ಅದರ ಬೆನ್ನು ಅಲುಗುವ ರೀತಿ, ಮನುಷ್ಯ ನಡೆಯುವಾಗ ಅವನ ಸೊಂಟ ಅಲುಗುವ ರೀತಿ, ಎರಡೂ ಹೆಚ್ಚುಕಡಿಮೆ ಒಂದೇ ಅಂತೆ. ನಡೆದೇ ಇಲ್ಲದ ಮಗುವಿನ ಸೊಂಟಕ್ಕೆ ನಡಿಗೆ ಎಂದರೇನು ಎಂದು ಕುದುರೆ ಕಲಿಸುತ್ತದೆ ಅಂತೆ. ಬಿಗಿಯಾದ ಕಾಲು ಅದರ ಮೈಯ ಬಿಸಿಗೆ ಸಡಿಲ ಬೀಳುತ್ತದೆ ಅಂತೆ. ಎಲ್ಲವೂ ಚೀಲದ ಬಾಯಿಯಲ್ಲಿರುವ ಮೆಣಸಿನಕಾಯಿಯಷ್ಟು ಚೆನ್ನಾಗಿತ್ತು. ನನಗೆ ಅನುಮಾನ ಬಂತು. ಡಾಕ್ಟರಿಗೆ ಕುದುರೆಯವನಿಂದ ಎಷ್ಟು ದಲಾಲಿ ಬರುತ್ತದೆ? ಕುದುರೆಗೆ ವಯಸ್ಸೆಷ್ಟು? ಬಿಳಿಬಣ್ಣ ಸ್ವಂತದ್ದೋ, ಬಳಿದದ್ದೋ?

ತಳದವರೆಗೆ ಕೈ ಇಳಿಸದೆ ಬಿಡುವವನಲ್ಲ ನಾನು. ಜೀನಿನ ಕೆಳಗೆ ಕೈ ತೂರಿಸಿ ಬೆನ್ನಿನ ಮೇಲೆ ಹುಣ್ಣಿದೆಯೇ ಎಂದು ತಡವಿದೆ, ಇರಲಿಲ್ಲ. ಹೊಟ್ಟೆ ಉಜ್ಜಿ ಬಣ್ಣ ಅಂಗೈಗೆ ಹತ್ತುತ್ತದೆಯೇ ನೋಡಿದೆ, ಹತ್ತಲಿಲ್ಲ. ಕೊನೆಗೆ ಹಲ್ಲು ನೋಡೋಣ ಎಂದು ಅಂಗೈ ಮೇಲೆ ಬೆಲ್ಲದ ಚೂರು ಇಟ್ಟು ಮೂತಿಯ ಹತ್ತಿರ ಹಿಡಿದೆ. ಕುದುರೆ ಮೂಸಿತು. ಮೇಲ್ತುಟಿಯನ್ನು ಮಡಚಿ ಆಕಾಶ ನೋಡಿತು. ಆಮೇಲೆ ನನ್ನ ಮುಖಕ್ಕೇ ಸೀನಿತು. ಕುದುರೆ ಸೀನುವುದೆಂದರೆ ನೀರಿನ ಟ್ಯಾಂಕರ್‌ನ ಪೈಪು ಕಿತ್ತುಬಂದ ಹಾಗೆ. ಅಂಗಿ ಹಿಂಡಿಕೊಳ್ಳುತ್ತ ನಿರ್ಧರಿಸಿದೆ: ಇದಕ್ಕೆ ರೋಗ ಇದೆ, ಇವರು ಮುಚ್ಚಿಡುತ್ತಿದ್ದಾರೆ.

ಆಮೇಲೆ ಬಿಡುವಾದಾಗಲೆಲ್ಲ ನಾನು ಅಂಗಡಿಯಿಂದ ಸೀದಾ ಬೈಕಿನಲ್ಲಿ ಹಾವೇರಿಗೆ ಹೋಗುತ್ತಿದ್ದೆ. ಅಕ್ಕ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಹತ್ತಿರ ಹೋದಾಗಲೆಲ್ಲ ಕುದುರೆ ಸೀನುತ್ತಿತ್ತು. ನಾನಿಲ್ಲದ ದಿನ ಸೀನುವುದಿಲ್ಲ ಎಂದು ಅಕ್ಕ ಹೇಳಿದಳು. ಅದಂತೂ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಅಂದರೆ, ಕಣ್ಣಿಟ್ಟು ನೋಡುವವನು ನಾನೊಬ್ಬನೇ!

ಕುದುರೆ ಕಾಕಾನೂ ಚಿಂತೆಗೆ ಬಿದ್ದಿದ್ದ. ಒಂದು ದಿನ ನೋಡಿದರೆ ಕುದುರೆಯ ಕೊರಳಿಗೆ ನಿಂಬೆಹಣ್ಣು, ಒಣ ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದ. "ಯಾರದೋ ಕಣ್ಣು ತಾಗೈತಿ ತಮ್ಮಾ. ಯಾರದಂತ ತಿಳೀವಲ್ದು" ಎಂದ. ಮೆಣಸಿನಕಾಯಿ ನೋಡಿ ಕೈ ತಡೆಯಲಿಲ್ಲ. ಒಂದನ್ನು ಮುರಿದು ಮೂಸಿ, "ಕಾಯಿ ಹಳೇದೈತ್ರಿ ಕಾಕಾ, ಹೊಸಾದು ನಾ ತಂದುಕೊಡ್ತೇನಿ" ಎಂದೆ. ತಂದೂ ಕೊಟ್ಟೆ. ಕುದುರೆ ಮತ್ತಷ್ಟು ಸೀನಿತು.

ಇಷ್ಟರ ನಡುವೆ ಹುಡುಗಿ ಸುಧಾರಿಸುತ್ತಿದ್ದಳು. ಮೊದಲೆಲ್ಲ ಜೀನಿನ ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಬೆನ್ನಿಗೆ ಮೇಡಂ ಕೈ ಬೇಕೇಬೇಕು ಎನ್ನುತ್ತಿದ್ದವಳು, ಒಂದು ದಿನ ನಾನು ಪಕ್ಕಕ್ಕೆ ಬಂದದ್ದೇ ತಡ ಒಂದು ಕೈ ಬಿಟ್ಟು ಮೂಗು ಒತ್ತಿಕೊಂಡಳು. "ಕೈ ಬಿಟ್ಲು! ನೋಡ್ರಿ, ಕೈ ಬಿಟ್ಲು!" ಎಂದು ಮೇಡಂ ಕೂಗಿದರು. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನು ಕುದುರೆಯ ಮೂಗನ್ನೇ ನೋಡುತ್ತಿದ್ದೆ.

ಆ ವಾರವೇ ವಿಮೆಯ ಉತ್ತರ ಬಂತು. ಭಾವನ ಕಂಪನಿಯವರು ನೌಕರರ ಮನೆಯವರಿಗೆಲ್ಲ ಆರೋಗ್ಯ ವಿಮೆ ಮಾಡಿಸಿದ್ದರು. ಡಾಕ್ಟರು ಬರೆದುಕೊಟ್ಟ ಥೆರಪಿಗೂ ಅದರಲ್ಲಿ ಜಾಗ ಇತ್ತು. ಹಾಗೆಂದು ಭಾವ ಬಿಲ್ಲು ಕಳಿಸಿದರೆ, ಕುದುರೆ ಸವಾರಿ ಮನರಂಜನೆ, ಮನರಂಜನೆಗೆ ವಿಮೆ ಇಲ್ಲ ಎಂದು ತಿರುಗಿ ಬಂತು.

ಭಾವ ಕಡಿಮೆ ಮಾತಿನ ಮನುಷ್ಯ. ಅಂದು ಇಷ್ಟೇ ಹೇಳಿದ: "ಇದ ಹಿಂಗ ಇದ್ರ ಮುಂದ ನಮ್ಮ ಕೈಲೆ ಆಗೂದಿಲ್ಲ. ಟೇಬಲ್ಲಿಗೇ ಹೋಗೂದು." ಒಳಗೆ ಹುಡುಗಿ ಟೇಬಲ್ ಎಂಬ ಮಾತು ಕೇಳಿ ಅಳಲು ಶುರು ಮಾಡಿದಳು.

ಮೇಡಂ ಮತ್ತೆ ಬರೆದರು. ಚಿಕಿತ್ಸೆ ಮಾಡುವವಳು ನಾನು, ಕುದುರೆ ನನ್ನ ಸಲಕರಣೆ, ಬೇಕಾದರೆ ಬಂದು ನೋಡಿ ಎಂದು. ವಿಮೆ ಕಂಪನಿಯವರು ಹುಬ್ಬಳ್ಳಿಯಿಂದ ಒಬ್ಬ ತಪಾಸಣೆ ಸಾಹೇಬರನ್ನು ಕಳಿಸಿದರು.

ನನಗಿಂತ ಹೆಚ್ಚು ಅನುಮಾನದ ಮನುಷ್ಯನನ್ನು ನಾನು ಜೀವನದಲ್ಲಿ ಮೊದಲ ಸಲ ಕಂಡದ್ದು ಅವತ್ತೇ. ಸಣಕಲು ಮೈ, ಇಸ್ತ್ರಿ ಅಂಗಿ, ಕೈಯಲ್ಲಿ ಮೊಬೈಲು. ಕಾರು ಇಳಿದವರು ಯಾರಿಗೂ ನಮಸ್ಕಾರ ಹೇಳದೆ ಮೊದಲು ಬಯಲಿನ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಕುದುರೆಯ ಹತ್ತಿರ ಹೋಗಿ ಜೀನನ್ನು ಎತ್ತಿ ಅದರ ಕೆಳಗೆ ಕೈ ಹಾಕಿದರು. ತಳಕ್ಕೆ ಕೈ ಇಳಿಸುವವರು! ನನಗೆ ಕಳೆದುಹೋದ ಅಣ್ಣ ಸಿಕ್ಕಂತಾಯಿತು.

"ಮದಿವಿ ಕುದರಿ ಇದ್ದಂಗೈತಿ?" ಎಂದರು.

"ಮದಿವಿನೂ ಮಾಡ್ತೈತ್ರಿ, ಇದನ್ನೂ ಮಾಡ್ತೈತ್ರಿ" ಎಂದ ಕಾಕಾ. "ನೀವೂ ಆಫೀಸು ಮಾಡ್ತೀರಿ, ಸಂಸಾರಾನೂ ಮಾಡ್ತೀರಲ್ರಿ."

"ನಾ ಕೇಳಿದಷ್ಟಕ್ಕ ಹೇಳ್ರಿ."

ಮೇಡಂ ಹುಡುಗಿಯನ್ನು ಕುದುರೆಯ ಮೇಲೆ ಕೂರಿಸುತ್ತಿದ್ದರು. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ನನ್ನ ತಲೆಯಲ್ಲಿ ಉಪಾಯ ಹೊಳೆದಾಗಲೆಲ್ಲ ನಮ್ಮ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಅವತ್ತು ಬಯಲಿನಲ್ಲಿ ಬಾಗಿಲು ಇರಲಿಲ್ಲ. ನಾನು ಸಾಹೇಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ:

"ಸರ್, ನಿಮಗ ಖರೇ ಹೇಳ್ತೇನ್ರಿ. ಈ ಕುದರಿಗೆ ಆರಾಮಿಲ್ಲ. ಮ್ಯಾಲಿಂದ ಮ್ಯಾಲೆ ಸೀನತೈತಿ. ಬ್ಯಾರೆ ಛಲೋ ಕುದರಿ ತರಸ್ರಿ ಅಂತ ನೀವ ಬರದುಬಿಡ್ರಿ."

ನನ್ನ ಲೆಕ್ಕಾಚಾರದಲ್ಲಿ ಕಂಪನಿಯವರು ನನ್ನ ಪ್ರಾಮಾಣಿಕತೆಗೆ ಮೆಚ್ಚಿ ಇನ್ನೊಂದು ಕುದುರೆ ಮಂಜೂರು ಮಾಡುತ್ತಿದ್ದರು. ಸಾಹೇಬರು ಮೊಬೈಲನ್ನು ಕಿಸೆಗೆ ಹಾಕಿದರು.

"ಅಂದ್ರ ಜಡ್ಡಿನ ಪ್ರಾಣಿ ಮ್ಯಾಲೆ ಪೇಶಂಟ್‌ನ ಕುಂದರಸಾಕತ್ತೀರಿ. ಮುಗೀತಲ್ರಿ. ನಾ ಇನ್ನ ನೋಡೂದು ಏನೈತಿ?"

ಅವರ ದನಿ ಮೆಲ್ಲಗಿರಲಿಲ್ಲ. ಅಕ್ಕ ತಿರುಗಿದಳು.

"ಲೇ, ನೀ ನನ್ನ ತಮ್ಮನೋ, ಈ ಕಂಪನಿ ತಮ್ಮನೋ?"

"ಅಕ್ಕಾ, ಕೂಸಿನ ಸಲುವಾಗಿ..."

"ಕೂಸಿನ ಸಲುವಾಗಿ ಬಾಯಿ ಮುಚ್ಚು!"

ಸಾಹೇಬರು ಕಾರಿನ ಕಡೆ ಹೊರಟಿದ್ದರು. ಕೆಡಿಸಿದ್ದನ್ನು ಸರಿ ಮಾಡಲು ಹೋಗಿ ಇನ್ನಷ್ಟು ಕೆಡಿಸುವುದು ನನಗೆ ಹುಟ್ಟಿನಿಂದ ಬಂದ ಕಲೆ. "ನಿಲ್ರಿ ಸರ್, ಅದು ಭಾಳ ದೊಡ್ಡ ಜಡ್ಡೇನಲ್ಲ, ಬಂದು ನೀವ ನೋಡ್ರಿ" ಎಂದು ಅವರ ಮೊಣಕೈ ಹಿಡಿದು ಕುದುರೆಯ ಮುಂದೆ ತಂದು ನಿಲ್ಲಿಸಿದೆ. ನಾನೂ ಅವರ ಪಕ್ಕದಲ್ಲಿ ಒತ್ತಿ ನಿಂತೆ.

ಕುದುರೆ ತುಟಿ ಮಡಚಿತು, ಆಕಾಶ ನೋಡಿತು, ಸೀನಿತು. ಅದರ ಬೆನ್ನಿಗೇ ಸಾಹೇಬರು ಸೀನಿದರು. ಕುದುರೆ ಮತ್ತೆ, ಸಾಹೇಬರು ಮತ್ತೆ, ಭಜನೆಯಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಎತ್ತಿಕೊಂಡ ಹಾಗೆ. ಸಾಹೇಬರ ಕಣ್ಣು ಕೆಂಪಾಗಿ ನೀರು ಸುರಿಯಿತು. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಅವರು ಕುದುರೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ನಿಮ್ಮ ಕಿಸೆದಾಗ ಏನೈತ್ರಿ?"

"ಏನಿಲ್ರಿ."

"ತಗೀರಿ ಹೊರಗ."

ಕಿಸೆ ಮಗುಚಿದೆ. ಮುರಿದ ಮೆಣಸಿನಕಾಯಿ, ತೊಟ್ಟು, ಬೀಜ, ತಳದಲ್ಲಿ ಹಿಟ್ಟಿನಂಥ ಕೆಂಪು ಪುಡಿ, ಎಲ್ಲ ಕೆಳಗೆ ಸುರಿಯಿತು. ಗಾಳಿ ಒಂದಿಷ್ಟು ಬೀಸಿತು. ಈಗ ಮೇಡಂ ಕೂಡ ಸೀನಿದರು.

"ಇದೇನ್ರಿ?"

"ಸ್ಯಾಂಪಲ್ ರೀ."

"ಯಾತರ ಸ್ಯಾಂಪಲ್?"

"ಡಬ್ಬಿ ಕಾಯಿ ರೀ. ಬಣ್ಣ ಭಾಳ ಛಲೋ ಐತಿ, ಖಾರ ಕಡಿಮಿ. ನಿಮಗ ಮನಿಗೆ ಬೇಕಂದ್ರ..."

"ಮೆರವಣಿಗ್ಯಾಗ ಕುದರಿ ಉರಿಗೆ ಕುಣೀಲಿ ಅಂತ ಇದನ್ನ ತಿಕ್ತೀರೇನು?"

ಕಾಕಾ ನನ್ನ ಅಂಗಿಯ ಕಾಲರ್‌ಗೆ ಕೈ ಹಾಕಿದ್ದ. "ಏ ತಮ್ಮಾ! ಯಾರ ಕಣ್ಣು ತಾಗೇತಿ ಅಂತ ನಾ ಊರ ದೇವರಿಗೆಲ್ಲ ಹರಕಿ ಹೊತ್ತೇನಿ. ತಾಗಿದ್ದು ಕಣ್ಣಲ್ಲ, ನೀನು!"

ಬ್ಯಾಡಗಿಯ ಅಂಗಡಿಗಳಲ್ಲಿ ಹೊಸಬರು ಕಾಲಿಟ್ಟ ತಕ್ಷಣ ಕೆಮ್ಮುತ್ತಾರೆ, ನಾವು ನಗುತ್ತೇವೆ. ನಮಗೆ ಘಾಟು ತಿಳಿಯುವುದೇ ಇಲ್ಲ. ಅದು ಕೂದಲಲ್ಲಿ, ಅಂಗಿಯಲ್ಲಿ, ಉಗುರಿನ ಸಂದಿಯಲ್ಲಿ ಕೂತು ನಮ್ಮ ಜೊತೆಗೇ ಊರೂರು ತಿರುಗುತ್ತದೆ ಎಂದು ಯಾರೂ ನೆನಪಿಡುವುದಿಲ್ಲ. ದಲಾಲಿ ತಿಂದು ಬೆಳೆದ ನನ್ನ ಮೂಗಿಗೆ ಎಲ್ಲರ ಮೈಯಲ್ಲೂ ದಲಾಲಿಯ ವಾಸನೆ ಬಂದಿತ್ತು. ನನ್ನ ಮೈಯದು ಮಾತ್ರ ಬಂದಿರಲಿಲ್ಲ.

ಆಗ ಕುದುರೆಯ ಮೇಲಿನಿಂದ ಹುಡುಗಿಯ ದನಿ ಬಂತು. "ಮಾಮಾ ಬಂದ್ರ ನನಗೂ ಸೀನು ಬರತೈತಿ. ಅಂವ ಸಿಟ್ಟಾಗ್ತಾನಂತ ಮೂಗು ಹಿಡ್ಕೊಂಡ ಕುಂತಿರ್ತೇನಿ."

ಮೇಡಂ ಅವಳತ್ತ ತಿರುಗಿದರು. "ಅವತ್ತು ಕೈ ಬಿಟ್ಟಿದ್ದು ಅದಕ್ಕೇನು?"

"ಹೂಂ."

ಆ ಮೊದಲ ಕೈ ಬಿಡಿಸಿದ ಕೀರ್ತಿ ನನ್ನದೇ ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಅವತ್ತು ಹೇಳುವ ಧೈರ್ಯ ಆಗಲಿಲ್ಲ.

ಸಾಹೇಬರು ಕಣ್ಣು ಒರೆಸಿಕೊಂಡು ಆಜ್ಞೆ ಮಾಡಿದರು. "ಹೋಗಿ ತೊಳಕೊಂಡು ಬರ್ರಿ. ಪೂರಾ. ಆಮ್ಯಾಲೆ ಇಲ್ಲೇ ನಿಲ್ರಿ. ಆಗ ಕುದರಿ ಸೀನಿತಂದ್ರ ಜಡ್ಡು ಅದರದು. ಸೀನಲಿಲ್ಲಂದ್ರ ಜಡ್ಡು ನಿಮ್ಮದು."

ಕುದುರೆಯ ನೀರಿನ ತೊಟ್ಟಿಯ ಪಕ್ಕ, ಕುದುರೆ ತೊಳೆಯುವ ಬ್ರಷ್ಷಿನಿಂದ ಕಾಕಾ ನನ್ನನ್ನು ತಿಕ್ಕಿದ. ಸಿಟ್ಟಿನಲ್ಲಿದ್ದ. ತಿಕ್ಕಿದ್ದರಲ್ಲಿ ಸಿಟ್ಟಿನ ಪಾಲು ಎಷ್ಟು, ಸ್ವಚ್ಛತೆಯ ಪಾಲು ಎಷ್ಟು ಎಂದು ಬೆನ್ನು ಈಗಲೂ ಹೇಳುತ್ತದೆ. ನನ್ನ ಬಟ್ಟೆ ಹಾಕಿಕೊಳ್ಳುವಂತಿರಲಿಲ್ಲ. ಅಲ್ಲಿದ್ದ ಬೇರೆ ಬಟ್ಟೆ ಎಂದರೆ ಮೆರವಣಿಗೆಯಲ್ಲಿ ಕುದುರೆಯ ಲಗಾಮು ಹಿಡಿಯುವವನ ಕೆಂಪು ಕೋಟು, ಜರಿ ಪಟ್ಟಿಯ ಪೇಟ. ಹಾಕಿಕೊಂಡು ಬಂದೆ. ಅಕ್ಕ ನನ್ನನ್ನು ನೋಡಿ ಮುಖ ತಿರುಗಿಸಿದಳು, ಭುಜ ಅಲುಗುತ್ತಿತ್ತು.

ಕುದುರೆಯ ಮೂತಿಯ ಹತ್ತಿರ ನಿಂತೆ. ಅದು ಮೂಸಿತು. ಸೀನಲಿಲ್ಲ. ಬದಲಿಗೆ ಕಿವಿ ನಿಗುರಿಸಿತು. ಕೆಂಪು ಕೋಟು ಕಂಡರೆ ಅದಕ್ಕೆ ಮದುವೆ. ತಾನಾಗಿ ಹೆಜ್ಜೆಯನ್ನು ಒಂದಿಷ್ಟು ಎತ್ತಿ ಎತ್ತಿ ಇಡಲು ಶುರು ಮಾಡಿತು. ಕಾಕಾ "ಶ್... ನಿಧಾನ" ಎಂದು ಲಗಾಮು ಹಿಡಿದು ಮುಂದೆ ನಡೆದ. ಮೇಲೆ ಕೂತ ಹುಡುಗಿ ನನ್ನ ವೇಷ ನೋಡಿ ಕಿಲಕಿಲ ನಗುತ್ತ ಎರಡೂ ಕೈ ಮೇಲೆತ್ತಿದಳು.

"ಅಯ್ಯ, ಹಿಡೀರಿ!" ಎಂದು ಅಕ್ಕ ಓಡಿದಳು.

"ಹಿಡೀಬ್ಯಾಡ್ರಿ" ಎಂದರು ಮೇಡಂ. ಅವರ ಅಂಗೈ ಹುಡುಗಿಯ ಸೊಂಟದ ಹಿಂದೆ ಇತ್ತು, ಮುಟ್ಟಿರಲಿಲ್ಲ. ಕುದುರೆ ಬಲಕ್ಕೆ ಅಲುಗಿದಾಗ ಹುಡುಗಿ ಎಡಕ್ಕೆ ತೂಗಿದಳು, ಎಡಕ್ಕೆ ಅಲುಗಿದಾಗ ಬಲಕ್ಕೆ. ಬೀಳಲಿಲ್ಲ. ಬಯಲಿನ ಆ ತುದಿಯವರೆಗೆ ಹೋಗಿ ತಿರುಗಿ ಬಂದರೂ ಬೀಳಲಿಲ್ಲ.

ಸಾಹೇಬರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದರು. ಆದರೆ ಮುಖ ಮತ್ತಷ್ಟು ಗಂಟಾಗಿತ್ತು.

"ನಗಾಕತ್ತಾಳಲ್ರೀ ಮೇಡಂ. ಇದಕ್ಕ ನಮ್ಮವರು ಮನರಂಜನೆ ಅನ್ನೂದು."

"ಟೇಬಲ್ ಮ್ಯಾಲೆ ಇಕಿ ಅಳತಿದ್ಲು" ಎಂದರು ಮೇಡಂ. "ಅವಾಗ ಯಾರೂ ಬಂದು ನೋಡಲಿಲ್ಲ. ಅತ್ರ ಔಷಧ, ನಕ್ರ ಜಾತ್ರಿ ಏನ್ರಿ?"

ಸಾಹೇಬರು ಹುಡುಗಿಯ ಹತ್ತಿರ ಹೋಗಿ ಬಹಳ ಮೃದುವಾಗಿ, ನಾನು ಸಂತೆಯ ರೈತನಿಗೆ "ಎಲ್ಲಾ ಒಂದ ಹೊಲದ ಮಾಲೇನು?" ಎಂದು ಕೇಳುವ ಅದೇ ದನಿಯಲ್ಲಿ ಕೇಳಿದರು: "ಮಜಾ ಬಂತೇನವ್ವಾ?"

ಹೂಂ ಎಂದರೆ ಮುಗಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಹುಡುಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ನಮ್ಮ ಮನೆತನದ ಮೊಮ್ಮಗಳು, ಬಾಯಿ ನೋಡಿ ಮಾತು ನಂಬುವವಳಲ್ಲ.

"ಬೆನ್ನು ನೋಯ್ತೈತಿ" ಎಂದಳು.

"ಮತ್ತ ಯಾಕ ಕುಂದರ್ತಿ?"

"ಸಾಲ್ಯಾಗ ಬೆಂಚಿಗೆ ಬೆನ್ನಿಲ್ಲ."

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ಬೆಂಚಿನ ವಿಷಯ ಹೇಳಿದಳು. ಅವರು ಅದನ್ನೂ ನಂಬಿದಂತೆ ಕಾಣಲಿಲ್ಲ. ತೊಟ್ಟಿಯ ಪಕ್ಕದ ಸಿಮೆಂಟ್ ಕಟ್ಟೆ ತೋರಿಸಿ, "ಇಲ್ಲಿ ಕುಂದರಸ್ರಿ. ಯಾರೂ ಮುಟ್ಟಬಾರದು" ಎಂದರು. ನನ್ನನ್ನು ನೋಡಿ, "ನೀವು ಬೇಲಿ ಕಡೆ ಹೋಗ್ರಿ" ಎಂದರು. ಬೇಲಿಯ ಪಕ್ಕದಿಂದ ನೋಡಿದೆ. ಹುಡುಗಿ ಕಟ್ಟೆಯ ಮೇಲೆ ಒಬ್ಬಳೇ, ಕೈ ತೊಡೆಯ ಮೇಲೆ, ತುಟಿ ಕಚ್ಚಿಕೊಂಡು ಕೂತಿದ್ದಳು. ಒಂದು ಸಲ ವಾಲಿದಳು. ಅಕ್ಕನ ಕೈ ಮುಂದೆ ಹೋಗಿ ನಿಂತಿತು. ಹುಡುಗಿ ತಾನೇ ನೆಟ್ಟಗಾದಳು. ಸಾಹೇಬರು ಸಾಕು ಎನ್ನುವಷ್ಟು ಹೊತ್ತು ಮೊಬೈಲಿನಲ್ಲಿ ಹಿಡಿದು, ಸಾಕು ಎನ್ನದೆ ಹೊರಟುಹೋದರು. ಏನು ಬರೆಯುತ್ತಾರೆ ಎಂದು ಹೇಳಲಿಲ್ಲ. ಕಾಕಾ ಕೊಟ್ಟ ಚಹಾವನ್ನು ಮೂಸಿ ನೋಡಿ ಹಾಗೇ ಇಟ್ಟಿದ್ದರು.

ಉತ್ತರ ಬಂದಾಗ ಭಾವ ಅದನ್ನು ಓದಿ, ಮತ್ತೆ ಓದಿ, ಇದರಲ್ಲಿ ಏನೋ ಮೋಸ ಇದೆ ಎಂದ. ಮೇಡಂ ಮಾಡುವ ಚಿಕಿತ್ಸೆಗೆ ವಿಮೆ ಒಪ್ಪಿದ್ದರು. ಕುದುರೆಯ ಬಾಡಿಗೆಗೆ ಒಪ್ಪಿರಲಿಲ್ಲ, ಅವರ ಸಲಕರಣೆಗಳಲ್ಲಿ ಉಸಿರಾಡುವಂಥದ್ದು ಯಾವುದೂ ಇಲ್ಲವಂತೆ. ಡಾಕ್ಟರ ಕೈಗೆ ವಿಮೆ ಇದೆ, ಕುದುರೆಯ ಕಾಲಿಗೆ ಇಲ್ಲ. ಆರು ತಿಂಗಳಿಗೆ ಮತ್ತೆ ತಪಾಸಣೆಗೆ ಬರುತ್ತಾರೆ ಎಂದೂ ಇತ್ತು.

ಕುದುರೆಯ ಕಾಲಿನ ವಿಷಯ ಮಾತಾಡಲು ಅಕ್ಕ ನನ್ನನ್ನೇ ಕಾಕಾನ ಹತ್ತಿರ ಕಳಿಸಿದಳು. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, "ಬಾಡಿಗಿ ಬ್ಯಾಡ ಬಿಡು. ಲಗಾಮು ಹಿಡಿಯಾಂವ ಕೆಲಸ ಬಿಟ್ಟಾನ. ಆ ಕೋಟು ನಿನಗ ಬರೋಬ್ಬರಿ ಆಗೇತಿ" ಎಂದ.

ಹಾಗಾಗಿ ಈಗ ನಾನು ಮುಹೂರ್ತ ಇದ್ದ ದಿನ ಅಂಗಡಿಗೆ ಕಾಲಿಡುವುದಿಲ್ಲ. ಬೆಳಿಗ್ಗೆ ಸ್ನಾನ, ಮತ್ತೆ ಸ್ನಾನ, ಆಮೇಲೆ ಕೆಂಪು ಕೋಟು. ಅಪ್ಪ ಮೊದಲು ಬೈದರು. ನಾನಿಲ್ಲದ ದಿನ ವ್ಯಾಪಾರ ಸುಸೂತ್ರ ಆಗುವುದನ್ನು ಕಂಡು ಸುಮ್ಮನಾದರು. ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಮದುಮಗನನ್ನು ಮಂಟಪದ ಬಾಗಿಲಿಗೆ ತಂದು ನಿಲ್ಲಿಸಿದಾಗ, ಆರತಿ ತಟ್ಟೆಯ ಹಿಂದೆ ನಿಂತಿದ್ದ ಮದುಮಗಳ ಅಪ್ಪ ನನ್ನ ಮುಖವನ್ನೇ ದಿಟ್ಟಿಸಿದರು.

"ನಿನ್ನ ಎಲ್ಲೋ ನೋಡಿದಂಗ ಐತಲ್ಲೋ?"

ಅವಲಕ್ಕಿ ನೆನಪಾಯಿತು. ಪೇಟವನ್ನು ಹುಬ್ಬಿನವರೆಗೆ ಎಳೆದುಕೊಂಡು, "ಕುದರಿ ನೋಡೀರಿ ರೀ, ನನ್ನಲ್ಲ" ಎಂದೆ. ಊಟಕ್ಕೆ ಕೂತಾಗ ತಟ್ಟೆಯ ತಳ ನೋಡಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅಕ್ಕ ಹುಡುಗಿಯನ್ನು ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಹೊರಗೆ ಬಂದಳು. ನನ್ನನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಗೇಟಿನ ಹೊರಗಿನಿಂದಲೇ ಕಿಟಕಿಯಲ್ಲಿ ಹುಡುಗಿಯ ಬೆನ್ನು ಕಾಣುತ್ತಿತ್ತು. ಹೊಸ ಟೀಚರು ಅವಳ ಹಿಂದೆಯೇ, ಯಾವ ಕ್ಷಣದಲ್ಲಾದರೂ ಬೀಳುತ್ತಾಳೆ ಎಂದು ಕೈ ಚಾಚಿ ನಿಂತಿದ್ದರು. ಹುಡುಗಿ ತಿರುಗಿ ಅವರಿಗೆ ಏನೋ ಹೇಳಿದಳು. ಟೀಚರು ನಗುತ್ತ ಕೈ ಹಿಂದೆಗೆದುಕೊಂಡು ಕರಿಹಲಗೆಯ ಕಡೆ ಹೋದರು. ಬೆನ್ನು ಹಾಗೇ ನಿಂತಿತ್ತು.

"ಬೀಳೂದಿಲ್ಲ ಅಲ್ಲೇನೋ?" ಎಂದಳು ಅಕ್ಕ.

"ಬೀಳೂದಿಲ್ಲ ಬಿಡು."

ಅಷ್ಟರಲ್ಲಿ ಕ್ಲಾಸಿನ ಒಳಗೆ ಯಾವುದೋ ಮಗು ಸೀನಿತು. ಅಕ್ಕ ನನ್ನ ಕಡೆ ತಿರುಗಿದಳು. ಬೆಳಿಗ್ಗೆಯೇ ಸ್ನಾನ ಆಗಿತ್ತು, ಅಂಗಿ ಹೊಸದು, ಕಿಸೆ ಖಾಲಿ. ಆದರೂ ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ.